ಊರುಗಳು ಒಂದಾದರೆ ವೈನ್ ಹೆಸರೂ ಬದಲಾಗುತ್ತದೆಯೇ?

ಪ್ರಶ್ನೆ: ಫ್ರಾನ್ಸಿನ ಮಾರ್ಗೋ ಎಂಬ ವೈನ್ ಊರು ಪಕ್ಕದ ಊರಿನೊಂದಿಗೆ ವಿಲೀನವಾಯಿತೆಂದು ಓದಿದೆ. ಅಷ್ಟು ಹೆಸರುವಾಸಿ ಊರಿಗೆ ವಿಲೀನದ ಅಗತ್ಯವೇನಿತ್ತು? ವೈನಿನ ಹೆಸರೂ ಬದಲಾಯಿತೇ?

ಉತ್ತರ: ವೈನಿನ ಹೆಸರು ಬದಲಾಗಿಲ್ಲ, ಬದಲಾದದ್ದು ಊರಿನ ಆಡಳಿತ. ಬೋರ್ಡೊ ನಗರದ ಉತ್ತರಕ್ಕಿರುವ ಮೆದೋಕ್ ಸೀಮೆಯಲ್ಲಿ ಅಕ್ಕಪಕ್ಕದಲ್ಲಿದ್ದ ಮಾರ್ಗೋ ಮತ್ತು ಕಾಂತ್‌ನಾಕ್ 2017ರ ಜನವರಿ 1ರಿಂದ ‘ಮಾರ್ಗೋ-ಕಾಂತ್‌ನಾಕ್’ ಎಂಬ ಒಂದೇ ಕಮ್ಯೂನ್ ಆಗಿವೆ. ಎರಡೂ ಸೇರಿದರೂ ಜನಸಂಖ್ಯೆ ಮೂರು ಸಾವಿರದ ಆಸುಪಾಸು.

ಕಮ್ಯೂನ್ ಅಂದರೆ ನಮ್ಮ ಗ್ರಾಮ ಪಂಚಾಯಿತಿಯಂತೆ ಆಡಳಿತದ ಕೊನೆಯ ಮೆಟ್ಟಿಲು. ಆದರೆ ಅಲ್ಲಿ ಪ್ಯಾರಿಸ್ ಕೂಡ ಕಮ್ಯೂನೇ, ನೂರು ಜನರ ಹಳ್ಳಿಯೂ ಕಮ್ಯೂನೇ. 1789ರ ಕ್ರಾಂತಿಯ ಕಾಲದಲ್ಲಿ ಹುಟ್ಟಿದ ಈ ವ್ಯವಸ್ಥೆಯಲ್ಲಿ ಇಂದಿಗೂ ಸುಮಾರು 35 ಸಾವಿರ ಕಮ್ಯೂನ್‌ಗಳಿವೆ. ಪ್ರತಿಯೊಂದಕ್ಕೂ ಮೇಯರ್, ಕೌನ್ಸಿಲ್, ಬಜೆಟ್. ಕಮ್ಯೂನ್‌ಗಳ ಸಂಖ್ಯೆ ಕಡಿಮೆ ಮಾಡಲು 1971ರಲ್ಲೇ ಕಾನೂನು ಬಂದರೂ ಹೆಚ್ಚಿನ ಊರುಗಳು ಜಗ್ಗಲಿಲ್ಲ. 2010ರಲ್ಲಿ, ಒಂದಾಗುವ ಊರುಗಳಿಗಾಗಿ ‘ಹೊಸ ಕಮ್ಯೂನ್’ ಕಾನೂನು ಬಂತು. ಅದಕ್ಕೆ ನಿಜವಾದ ಬಲ ಸಿಕ್ಕಿದ್ದು 2015ರಲ್ಲಿ. ಸರ್ಕಾರ ಅನುದಾನ ಕತ್ತರಿಸುತ್ತಿದ್ದ ಹೊತ್ತಿನಲ್ಲಿ, ಒಂದಾಗುವ ಊರುಗಳಿಗೆ ಮೂರು ವರ್ಷ ಕಡಿತವಿಲ್ಲ, ಸಾವಿರದಿಂದ ಹತ್ತು ಸಾವಿರದೊಳಗೆ ಜನರಿದ್ದರೆ ಶೇ 5ರಷ್ಟು ಹೆಚ್ಚುವರಿ ಅನುದಾನ ಎಂಬ ಭರವಸೆ ಸಿಕ್ಕಿತು. ಸಣ್ಣ ಊರುಗಳಿಗೆ ಇದು ದೊಡ್ಡ ಆಕರ್ಷಣೆ. ಮಾರ್ಗೋದ ಬಾಟಲಿ ಎಷ್ಟೇ ದುಬಾರಿಯಾಗಿರಲಿ, ಮಾರಿದ ದುಡ್ಡು ತೋಟದ ಒಡೆಯರದು. ಶಾಲೆ, ರಸ್ತೆ ನೋಡಿಕೊಳ್ಳುವ ಕೌನ್ಸಿಲ್ ತನ್ನ ತೆರಿಗೆ, ಅನುದಾನಗಳಲ್ಲೇ ಸಂಸಾರ ತೂಗಿಸಬೇಕು.

ಇನ್ನು ವೈನಿನ ವಿಚಾರ. ಬಾಟಲಿಯ ಮೇಲೆ ‘ಮಾರ್ಗೋ’ ಎಂದು ಬರೆಯುವ ಹಕ್ಕು ಯಾವ ನೆಲಕ್ಕಿದೆ ಎಂಬುದು 1954ರಲ್ಲೇ ನಿಗದಿಯಾಗಿದೆ. ಅದು ಮಾರ್ಗೋ ಒಂದರ ಸ್ವತ್ತಲ್ಲ. ಕಾಂತ್‌ನಾಕ್, ಸುಸ್ಸಾನ್, ಲಬಾರ್ದ್, ಅರ್ಸಾಕ್ ಊರುಗಳ ತೋಟಗಳಿಗೂ ಸಲ್ಲುತ್ತದೆ. ಬೋರ್ಡೊ ವೈನ್‌ಗಳ 1855ರ ಪ್ರಸಿದ್ಧ ಶ್ರೇಣೀಕರಣದಲ್ಲಿ ಮೂರನೇ ದರ್ಜೆ ಪಡೆದ ಶಾತೋ ಪಾಲ್ಮೆರ್ ತೋಟ ಇರುವುದೇ ಹಳೆಯ ಕಾಂತ್‌ನಾಕ್ ಎಲ್ಲೆಯೊಳಗೆ. ಎರಡನೇ ದರ್ಜೆಯ ‘ಬ್ರಾನ್-ಕಾಂತ್‌ನಾಕ್’ ಬಾಟಲಿ ನೋಡಿ: ತೋಟದ ಹೆಸರಲ್ಲಿ ಕಾಂತ್‌ನಾಕ್, ಕೆಳಗೆ ವೈನಿನ ಹೆಸರಾಗಿ ಮಾರ್ಗೋ. ಕಾಗದಪತ್ರದಲ್ಲಿ ಒಂದಾಗುವ ಎಷ್ಟೋ ಮೊದಲೇ ಈ ಎರಡು ಊರುಗಳು ಲೇಬಲ್ಲಿನಲ್ಲಿ ಜೊತೆಯಾಗಿದ್ದವು.

ಲೋಕಪ್ರಸಿದ್ಧ ಹೆಸರಿನ ನೆರಳಿನಲ್ಲಿ ಕಾಂತ್‌ನಾಕ್ ಅಳಿಸಿಹೋಗುವುದು ಸುಲಭವಿತ್ತು. ಹೊಸ ಹೆಸರಿನಲ್ಲಿ ಎರಡಕ್ಕೂ ಜಾಗ ಕೊಟ್ಟದ್ದು ನ್ಯಾಯವಾದ ನಿರ್ಧಾರ. ಉಳಿದ ಮೂರು ಊರುಗಳು ತಂತಮ್ಮ ಮೇಯರ್‌ಗಳೊಂದಿಗೆ ಬೇರೆಯಾಗಿಯೇ ಇವೆ.