ತೋಟದ ಕೆಳಗಿನ ತೋಟ

ಮಲೆನಾಡಿನ ತೋಟದ ಫೋಟೊ ಎಂದರೆ ಹೆಚ್ಚಿನವರ ಕಣ್ಣಿಗೆ ಬರುವುದು ಗುಡ್ಡದ ನೆತ್ತಿಯಿಂದ ತೆಗೆದದ್ದು. ಮಂಜು, ಕಣಿವೆ ತುಂಬ ಅಡಿಕೆ ಮರದ ತಲೆಗಳು, ಮೂಲೆಯಲ್ಲೊಂದು ಹೆಂಚಿನ ಮನೆ. ಆ ಚಿತ್ರ ನನ್ನ ಅಪ್ಪನ ಕಾಲಕ್ಕೂ ಹಾಗೇ ಇತ್ತು, ಇವತ್ತೂ ಹಾಗೇ ಇದೆ. ಸಾಗರ, ಶಿರಸಿ, ತೀರ್ಥಹಳ್ಳಿ, ಶೃಂಗೇರಿಯ ಸುತ್ತಮುತ್ತ ಕ್ಯಾಮೆರಾ ಹಿಡಿದು ಓಡಾಡಿದ ಮೇಲೆ ನನಗೆ ಖಚಿತವಾದದ್ದು ಇಷ್ಟು: ಬದಲಾಗುತ್ತಿರುವುದೆಲ್ಲ ಆ ತಲೆಗಳ ಕೆಳಗೆ. ಅದು ಬೇಕಾದರೆ ತೋಟಕ್ಕೆ ಇಳಿಯಲೇಬೇಕು.

ಇಳಿದವರಿಗೆ ಮೊದಲ ತೊಡಕು ಬೆಳಕಿನದು. ಬಿಸಿಲಿರುವ ಮಧ್ಯಾಹ್ನ ಅಡಿಕೆ ತೋಟದೊಳಗೆ ಬಿಳಿ ಚುಕ್ಕೆ, ಕಪ್ಪು ನೆರಳು ಬಿಟ್ಟರೆ ಬೇರೇನೂ ಸಿಗುವುದಿಲ್ಲ. ಜನರ ಮುಖಕ್ಕೆ ಹಸಿರು ಬಣ್ಣ ಹತ್ತುತ್ತದೆ. ಮೋಡ ಮುಚ್ಚಿದ ದಿನವೇ ಒಳ್ಳೆಯದು, ಮಳೆ ನಿಂತ ಹೊತ್ತು ಇನ್ನೂ ಒಳ್ಳೆಯದು. ಒದ್ದೆ ಎಲೆಯ ಹೊಳಪು ಇಳಿಸಲು ಪೋಲರೈಸರ್ ಫಿಲ್ಟರ್ ಸಾಕು. ಎಲ್ಲಕ್ಕಿಂತ ಹೆಚ್ಚಾಗಿ, ಕ್ಯಾಮೆರಾವನ್ನು ಉದ್ದಕ್ಕೆ ಹಿಡಿಯಬೇಕು. ಅಡಿಕೆ ಸಸಿ ನೆಡುವುದು ಸುಮಾರು ಒಂಬತ್ತು ಅಡಿ ಅಂತರದಲ್ಲಿ. ನಡುವಿನ ಜಾಗದಲ್ಲಿ ಈಗ ಸೊಂಟದೆತ್ತರಕ್ಕೆ ಕಾಫಿ, ಕಾಲುವೆ ಬದಿಗೆ ಏಲಕ್ಕಿ, ಮರಕ್ಕೆ ಹಬ್ಬಿದ ಕಾಳುಮೆಣಸು, ಮೇಲೆ ಅಡಿಕೆ ಕೊನೆ. ಒಂದು ಮನೆಯ ನಾಲ್ಕು ಆದಾಯ ಒಂದೇ ಚೌಕಟ್ಟಿನಲ್ಲಿ ಕೂರುತ್ತವೆ. ಅಡ್ಡಕ್ಕೆ ಹಿಡಿದರೆ ಬರೀ ಕಾಂಡಗಳ ಸಾಲು.

ಹೊಸ ಬೆಳೆ ಯಾಕೆ ಬಂತು ಎಂಬುದೂ ಚಿತ್ರದಲ್ಲಿರಬೇಕು. ಶೃಂಗೇರಿ, ಕೊಪ್ಪದ ಕಡೆ ಹಳದಿ ಎಲೆ ರೋಗ ದಶಕಗಳಿಂದ ತೋಟಗಳನ್ನು ತಿನ್ನುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಸೇರಿಕೊಂಡಿದೆ. ಅಂಥಲ್ಲಿ ನಾನು ಮಂಡಿಯೂರಿ, ಅಗಲದ ಲೆನ್ಸ್ ಹಾಕಿ, ಮುಂದೆ ಕಾಫಿ ಗಿಡ, ಹಿಂದೆ ಮೇಲುಗಡೆ ಬಡಕಲಾದ ಹಳದಿ ಸೋಗೆ ಎರಡೂ ಬರುವಂತೆ ತೆಗೆಯುತ್ತೇನೆ. “ಅಡಕೆ ಒಂದನ್ನೇ ನಂಬ್ಕಂಡು ಕೂತ್ರೆ ಆಗ್ತಿಲ್ಲೆ ತಮಾ” ಎಂದು ಶಿರಸಿ ಕಡೆಯ ಹಿರಿಯರೊಬ್ಬರು ಜಾಯಿಕಾಯಿ ಗಿಡದ ಬುಡಕ್ಕೆ ಒಣ ಎಲೆಯ ದರಕು ಹಾಕುತ್ತ ಹೇಳಿದ್ದರು. ಬಿರಿದ ಜಾಯಿಕಾಯಿಯೊಳಗಿನ ಕೆಂಪು ಜಾಪತ್ರೆ ಯಾವ ಪತ್ರಿಕೆಯ ಮುಖಪುಟಕ್ಕೂ ಸಲ್ಲುವಷ್ಟು ಚಂದ. ಆದರೆ ಆ ಚಂದದ ಹಿಂದೆ ಹೆದರಿಕೆಯಿದೆ. ಅದನ್ನು ಬಿಟ್ಟು ಬಣ್ಣ ಮಾತ್ರ ತೋರಿಸುವುದು ಆ ಮನೆಯವರಿಗೆ ಮಾಡುವ ಅನ್ಯಾಯ ಎಂದೇ ನಾನು ತಿಳಿದಿದ್ದೇನೆ.

ವೆನಿಲ್ಲಾ ಕಾಲವನ್ನು ಇಲ್ಲಿ ನೆನೆಯಲೇಬೇಕು. 2000ದಲ್ಲಿ ಮಡಗಾಸ್ಕರ್‌ಗೆ ಚಂಡಮಾರುತ ಬಡಿದ ಮೇಲೆ ಬೆಲೆ ಏರುತ್ತ ಹೋಯಿತು, ನಮ್ಮ ತೋಟಗಳಲ್ಲೂ ಬಳ್ಳಿ ಹಬ್ಬಿತು. ವೆನಿಲ್ಲಾ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನದೊಳಗೆ ಬಾಡುತ್ತದೆ. ಅಷ್ಟರಲ್ಲಿ ಪ್ರತಿ ಹೂವಿಗೂ ಕೈಯಿಂದಲೇ ಪರಾಗಸ್ಪರ್ಶ ಮಾಡಬೇಕು. ಮನೆಯ ಹೆಂಗಸರು ಚೂಪು ಕಡ್ಡಿ ಹಿಡಿದು ಬಳ್ಳಿಯಿಂದ ಬಳ್ಳಿಗೆ ಹೋಗುತ್ತಿದ್ದ ಆ ಬೆಳಗುಗಳಲ್ಲಿ ಎಂಥ ಉಮೇದಿತ್ತು! ರಾತ್ರಿ ಕಳ್ಳರ ಭಯಕ್ಕೆ ತೋಟ ಕಾಯುತ್ತಿದ್ದರು. 2004ರ ಹೊತ್ತಿಗೆ ಬೆಲೆ ಕುಸಿಯಿತು. ಆಗ ತೆಗೆದ ಚಿತ್ರಗಳಿಗೆ ಈಗ ಬೆಲೆ ಬಂದಿದೆ, ಯಾಕೆಂದರೆ ಹೆಚ್ಚಿನ ತೋಟಗಳಲ್ಲಿ ಬಳ್ಳಿಗಳೇ ಇಲ್ಲ. ಅದಕ್ಕೇ ರಾಂಬುಟಾನ್, ಮ್ಯಾಂಗೊಸ್ಟೀನ್ ನೆಡುತ್ತೇವೆ ಎಂದು ಯಾರಾದರೂ ಕರೆದಾಗ ಈಗ ಹಣ್ಣಿನ ಕಾಲಕ್ಕೆ ಕಾಯದೆ, ಗುಂಡಿ ತೋಡುವ ದಿನವೇ ಹೋಗುತ್ತೇನೆ.

ತೋಟದಷ್ಟೇ ಅಂಗಳವೂ ಮುಖ್ಯ. ಮೆಟ್ಟುಗತ್ತಿ ಹಿಡಿದು ಸಾಲಾಗಿ ಕೂತು ಅಡಿಕೆ ಸುಲಿಯುತ್ತಿದ್ದ ಜಾಗದಲ್ಲಿ ಈಗ ಸುಲಿಯುವ ಯಂತ್ರವಿದೆ. ಪಕ್ಕದ ಕೊಟ್ಟಿಗೆಯಲ್ಲಿ ಹಾಳೆ ತಟ್ಟೆ ಒತ್ತುವ ಯಂತ್ರ, ಒಳಗೆ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ. ಈ ಕೆಲಸಗಳಲ್ಲಿ ಬಹುಪಾಲು ಹೆಂಗಸರದು. “ತೋಟದ ಯಜಮಾನರನ್ನು ಕರೀರಿ” ಎನ್ನುವ ಛಾಯಾಗ್ರಾಹಕನಿಗೆ ಇದು ಕಾಣುವುದೇ ಇಲ್ಲ. ಮರ ಹತ್ತಿ ಅಡಿಕೆ ಕೊಯ್ಯುವ ಕೊನೆಗಾರನ ಚಿತ್ರವೂ ಬದಲಾಗಿದೆ. ಮರದಿಂದ ಮರಕ್ಕೆ ಬಾಗಿ ದಾಟುತ್ತಿದ್ದವನು ಈಗ ಹಲವೆಡೆ ನೆಲದ ಮೇಲೆ ನಿಂತು, ಕಾರ್ಬನ್ ಫೈಬರ್ ದೋಟಿ ಎತ್ತಿ ಕೊನೆ ಇಳಿಸುತ್ತಾನೆ. ಹಳೆಯ ಸಾಹಸ ಚಿತ್ರಕ್ಕೆ ಹೇಳಿ ಮಾಡಿಸಿದ್ದು, ನಿಜ. ಆದರೆ ಅವನ ಹೆಂಡತಿ ಮಕ್ಕಳ ಮನಸ್ಸಿಗೆ ದೋಟಿಯೇ ಹಿತ, ನನಗೂ.

ಇನ್ನೊಂದು ಬದಲಾವಣೆಯನ್ನು ಮಾತ್ರ ವೈವಿಧ್ಯ ಎನ್ನಲು ನನ್ನಿಂದಾಗದು. ಗದ್ದೆಗಳು ತೋಟವಾಗುತ್ತಿವೆ. ಒಂದೇ ಬದುವಿನ ಮೇಲೆ, ಒಂದೇ ಕಲ್ಲಿನ ಪಕ್ಕ ನಿಂತು ವರ್ಷ ವರ್ಷ ತೆಗೆದ ಚಿತ್ರಗಳನ್ನು ಸಾಲಾಗಿಟ್ಟರೆ ನಾಟಿ, ಪಾಳು, ಅಡಿಕೆ ಸಸಿ, ಆಮೇಲೆ ದಿಗಂತವೇ ಮುಚ್ಚಿದ ತೋಟ. ಭತ್ತದೊಂದಿಗೆ ಹುಲ್ಲು ಹೋಯಿತು, ಹುಲ್ಲಿನೊಂದಿಗೆ ದನ, ದನದೊಂದಿಗೆ ಕೊಟ್ಟಿಗೆಗೆ ಸೊಪ್ಪು ತರುತ್ತಿದ್ದ ಸೊಪ್ಪಿನ ಬೆಟ್ಟದ ದಾರಿ. ನಾಟಿಗೆ ಆಳು ಸಿಗದವರ ಕಷ್ಟ ನನಗೆ ಗೊತ್ತು. ಆದರೂ ಒಂದೇ ಬೆಳೆ ಹಬ್ಬುವುದನ್ನು ಕಂಡಾಗ ಎದೆ ಹಗುರಾಗುವುದಿಲ್ಲ.

ಹಾಗಾಗಿ ಚಿತ್ರ ತೆಗೆದ ಜಾಗದಲ್ಲೇ ನಾಲ್ಕು ಸಾಲು ಬರೆದುಕೊಳ್ಳುತ್ತೇನೆ: ಗಿಡ ನೆಟ್ಟ ವರ್ಷ, ಆ ವರ್ಷ ಅಡಿಕೆಗಿದ್ದ ಧಾರಣೆ, ನೆಡಬೇಕೆಂದು ಮನೆಯಲ್ಲಿ ಮೊದಲು ಹೇಳಿದವರು ಯಾರು, ಅದಕ್ಕೆ ಜಾಗ ಮಾಡಲು ಏನನ್ನು ಕಡಿದರು. ಕೊನೆಯ ಪ್ರಶ್ನೆಗೆ ಉತ್ತರ ಹೇಳುವಾಗ ಹಲವರು ನನ್ನನ್ನು ಆ ಜಾಗಕ್ಕೇ ಕರೆದುಕೊಂಡು ಹೋಗುತ್ತಾರೆ; ಮುಂದಿನ ಚಿತ್ರ ಅಲ್ಲಿಯೇ ಸಿಗುತ್ತದೆ.