ನಮೂನೆ 26 ಕೇಳುವುದೇನು, ನಾವು ಕೇಳುವುದೇನು?

ಚುನಾವಣೆಯ ಪಾಠ ಬಂದಾಗಲೆಲ್ಲ ತರಗತಿಯಲ್ಲಿ ಒಂದು ಪ್ರಶ್ನೆ ಏಳುತ್ತದೆ: "ಮೇಡಂ, ರಾಜಕೀಯಕ್ಕೆ ಬಂದ ಮೇಲೆ ಖಾಸಗಿ ಬದುಕು ಅಂತ ಇರುತ್ತದೆಯೇ?" ಇರುತ್ತದೆ. ಯಾವುದನ್ನು ತೆರೆದಿಡಬೇಕು ಎಂಬುದನ್ನು ಕಾನೂನೇ ಹೇಳಿದೆ.

ಅಭ್ಯರ್ಥಿಯ ಹಿನ್ನೆಲೆ ತಿಳಿಯುವ ಹಕ್ಕು ಮತದಾರರಿಗಿದೆ ಎಂದು ಸುಪ್ರೀಂ ಕೋರ್ಟ್ 2002ರಲ್ಲಿ ತೀರ್ಪು ನೀಡಿತು. ಅದರ ಫಲವಾಗಿ ಇಂದು ಲೋಕಸಭೆ, ವಿಧಾನಸಭೆಯ ಅಭ್ಯರ್ಥಿಗಳು ನಾಮಪತ್ರದೊಂದಿಗೆ ನಮೂನೆ 26 ಎಂಬ ಅಫಿಡವಿಟ್ ಸಲ್ಲಿಸುತ್ತಾರೆ. ಕ್ರಿಮಿನಲ್ ಪ್ರಕರಣ, ತನ್ನ ಮತ್ತು ಕುಟುಂಬದ ಆಸ್ತಿ, ಸಾಲ, ವೃತ್ತಿ, ವಿದ್ಯಾರ್ಹತೆ ಇವನ್ನು ಗಂಡಾಗಲಿ ಹೆಣ್ಣಾಗಲಿ ಬರೆಯಲೇಬೇಕು. ಉಡುಪು, ಸ್ನೇಹಿತರು, ಹಳೆಯ ಫೋಟೋ ಇವಕ್ಕೆ ಅಲ್ಲಿ ಕಾಲಂ ಇಲ್ಲ. (ಆದರೂ ಮೊದಲ ಸಾಲು ನೋಡಿ: ಇಂಥವರ "ಮಗ/ಮಗಳು/ಪತ್ನಿ" ಎಂದಿದೆ. "ಪತಿ" ಎಂಬ ಆಯ್ಕೆಯೇ ಇಲ್ಲ!)

ಖಾಸಗಿತನ ಮೂಲಭೂತ ಹಕ್ಕು ಎಂದು 2017ರಲ್ಲಿ ಒಂಬತ್ತು ನ್ಯಾಯಮೂರ್ತಿಗಳ ಪೀಠ ಒಮ್ಮತದಿಂದ ಹೇಳಿತು. ಅರ್ಜಿದಾರರು ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಮೊಬೈಲಿನಲ್ಲಿ ನಡೆಯುವುದೇ ಬೇರೆ. 2019ರ ಮೇ ತಿಂಗಳಲ್ಲಿ ಪಶ್ಚಿಮ ಬಂಗಾಳದ ಹೊಸ ಸಂಸದೆಯರಾದ ನುಸ್ರತ್ ಜಹಾನ್, ಮಿಮಿ ಚಕ್ರವರ್ತಿ ಸಂಸತ್ತಿನ ಮುಂದೆ ನಿಂತ ಫೋಟೋ ಹಾಕಿದರು. ಪ್ಯಾಂಟು ತೊಟ್ಟಿದ್ದಾರೆಂದು ಬೈಗುಳ ಸುರಿಯಿತು. ಪ್ಯಾಂಟು ತೊಟ್ಟು ಸಂಸತ್ತಿಗೆ ಹೋಗುವ ಪುರುಷರನ್ನು ಯಾರು ಕೇಳಿದ್ದಾರೆ? ಮರುತಿಂಗಳು ನುಸ್ರತ್ ಸೀರೆಯುಟ್ಟು ಪ್ರಮಾಣವಚನಕ್ಕೆ ಬಂದರು. ಆಗ ತಕರಾರು ಹಣೆಯ ಸಿಂಧೂರದ ಮೇಲೆ, ಅದರಲ್ಲಿ ನಮ್ಮವರ ದನಿಯೂ ಇತ್ತು. ಅವರು ಕ್ಷೇತ್ರಕ್ಕೆ ಏನು ಮಾಡುತ್ತಾರೆಂಬ ಚರ್ಚೆ ಎರಡೂ ಸಲ ಹಿಂದೆ ಬಿತ್ತು.

ಅದೇ ಚುನಾವಣೆಯ ಸಮಯದಲ್ಲಿ 95 ರಾಜಕಾರಣಿ ಮಹಿಳೆಯರನ್ನು ಉಲ್ಲೇಖಿಸಿದ ಟ್ವೀಟ್‌ಗಳನ್ನು ಆಮ್ನೆಸ್ಟಿ ಇಂಡಿಯಾ ಪರಿಶೀಲಿಸಿತು. ಸುಮಾರು ಏಳರಲ್ಲಿ ಒಂದು ನಿಂದನೀಯ ಅಥವಾ ಆಕ್ಷೇಪಾರ್ಹವಾಗಿತ್ತು. ಜನಾಂಗ, ಧರ್ಮದ ಹೆಸರಿನ ಬೈಗುಳ ಮುಸ್ಲಿಂ ಮಹಿಳೆಯರಿಗೆ ಇತರ ಧರ್ಮದ ಮಹಿಳೆಯರಿಗಿಂತ 94.1% ಹೆಚ್ಚು. ಒಂದು ಎಚ್ಚರಿಕೆ: ಅಲ್ಲಿ ಪುರುಷರನ್ನು ಎಣಿಸಿಲ್ಲ, ಆದ್ದರಿಂದ ಈ ಅಂಕಿಯಿಂದ ಗಂಡು-ಹೆಣ್ಣಿನ ಹೋಲಿಕೆ ಮಾಡಬೇಡಿ.

ಇದು ದೂರದ ಸಂಗತಿಯಲ್ಲ. ನಮ್ಮ ರಾಜ್ಯದ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರಿಗೆ ಮೀಸಲು, 21 ತುಂಬಿದರೆ ನೀವೂ ನಿಲ್ಲಬಹುದು. ಆದರೆ ನಿಲ್ಲುತ್ತೀರಾ ಎಂದರೆ ನನ್ನ ವಿದ್ಯಾರ್ಥಿನಿಯರು ಮೊದಲು ಹೇಳುವುದು, "ಮನೆಯಲ್ಲಿ ಫೋಟೋ ಹಾಕಲಿಕ್ಕೇ ಬಿಡುವುದಿಲ್ಲ ಮೇಡಂ." ಆ ಮನೆಯವರ ಭಯ ಸುಳ್ಳಲ್ಲ.

ಮುಂದಿನ ವಾರಕ್ಕೆ ಅಭ್ಯಾಸ: ಚುನಾವಣಾ ಆಯೋಗದ ಜಾಲತಾಣದಿಂದ ನಿಮ್ಮ ಕ್ಷೇತ್ರದ ಒಬ್ಬ ಪುರುಷ, ಒಬ್ಬ ಮಹಿಳಾ ಅಭ್ಯರ್ಥಿಯ ಅಫಿಡವಿಟ್ ತೆಗೆದು ಓದಿ. ಮಹಿಳೆ ಯಾರೂ ನಿಂತಿರದಿದ್ದರೆ ಅದನ್ನೇ ಬರೆದು ತನ್ನಿ.