ಶೀಟಿಗೆ ಬ್ಲೇಡು ಇಡುವ ಮುನ್ನ

ಮಳೆಗಾಲಕ್ಕೆ ಮುಂಚೆ, ಏಪ್ರಿಲ್ ಮೇ ತಿಂಗಳಲ್ಲಿ, ನಮ್ಮ ಊರುಗಳಲ್ಲಿ ಶೀಟಿನ ಕೆಲಸ ಜೋರು. ಕೋತಿ ಕುಣಿದು ಒಡೆದದ್ದು, ತೆಂಗಿನ ಗರಿ ಬಿದ್ದು ಬಿರುಕು ಬಿಟ್ಟದ್ದು, ಹುಕ್ಕು ತುಕ್ಕು ಹಿಡಿದು ಸೋರುತ್ತಿರುವುದು, ಎಲ್ಲವನ್ನೂ ಆಗಲೇ ಬದಲಿಸಬೇಕು. ಈ ಕೆಲಸಕ್ಕೆ ಹೊಸದಾಗಿ ಕೈಹಾಕಿದ ಹುಡುಗರಿಗೂ, ಅವರನ್ನು ಮಾಡಿಗೆ ಹತ್ತಿಸುವ ಮೇಸ್ತ್ರಿಗಳಿಗೂ ಒಂದಷ್ಟು ವಿಷಯ ಹೇಳಬೇಕಾಗಿದೆ. ನಾವು ಸಿಮೆಂಟ್ ಶೀಟು ಎನ್ನುವ ಆ ಬೂದು ಬಣ್ಣದ ಅಲೆಯಲೆ ಶೀಟಿನಲ್ಲಿ ಸಾಮಾನ್ಯವಾಗಿ ನೂರಕ್ಕೆ ಸುಮಾರು ಹತ್ತು ಪಾಲು ಕಲ್ನಾರು, ಅಂದರೆ ಆಸ್ಬೆಸ್ಟಾಸ್ ಇರುತ್ತದೆ.

ಹಾಗೆಂದು ಶೀಟಿನ ಮನೆಯಲ್ಲಿ ಮಲಗಿದ ಮಾತ್ರಕ್ಕೆ ಗಾಬರಿಯಾಗಬೇಕಿಲ್ಲ. ಬಿರುಕಿಲ್ಲದೆ ಗಟ್ಟಿಯಾಗಿರುವ ಶೀಟಿನಲ್ಲಿ ನಾರು ಸಿಮೆಂಟಿನೊಳಗೆ ಬಿಗಿಯಾಗಿ ಹುದುಗಿರುತ್ತದೆ. ಮೇಲ್ಮೈ ಸವೆದ ಹಳೆಯ ಶೀಟಿನಿಂದ ಸ್ವಲ್ಪ ಸ್ವಲ್ಪ ಉದುರುವುದುಂಟು. ನಿಜವಾದ ಅಪಾಯ ಶುರುವಾಗುವುದು ನಾವು ಕೊರೆದಾಗ, ಕತ್ತರಿಸಿದಾಗ, ಒಡೆದಾಗ, ತಂತಿ ಬ್ರಷ್ಷಿನಿಂದ ಪಾಚಿ ಉಜ್ಜಿದಾಗ. ಎಲ್ಲಕ್ಕಿಂತ ಕೆಟ್ಟದ್ದು ಗ್ರೈಂಡರ್. ಅದು ಹಾರಿಸುವ ಬಿಳಿ ದೂಳಿನಲ್ಲಿ ನಿಂತು ಕೆಲಸ ಮಾಡುವವನ ಮುಖ ಕಾಣದ ಹಾಗಾಗುವುದನ್ನು ನೀವೂ ನೋಡಿರುತ್ತೀರಿ.

ಆ ದೂಳು ಬೇರೆ ದೂಳಿನಂತಲ್ಲ. ಕತ್ತಾಳೆ ನಾರನ್ನು ಸೀಳಿದಷ್ಟೂ ಎಳೆ ಬಿಡಿಸಿಕೊಳ್ಳುವ ಹಾಗೆ ಕಲ್ನಾರು ಉದ್ದುದ್ದಕ್ಕೆ ಸೀಳುತ್ತಲೇ ಹೋಗುತ್ತದೆ. ಗಾಳಿಯಲ್ಲಿ ಅದರ ಪ್ರಮಾಣ ಅಳೆಯುವವರು ಲೆಕ್ಕಕ್ಕೆ ಹಿಡಿಯುವ ಎಳೆಯ ದಪ್ಪ 3 ಮೈಕ್ರಾನಿಗಿಂತ ಕಡಿಮೆ. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ದಪ್ಪ ಇರುತ್ತದೆ. ಇಷ್ಟು ಸಣ್ಣ ಎಳೆ ಮೂಗು, ಗಂಟಲು ದಾಟಿ ಶ್ವಾಸಕೋಶದ ಗಾಳಿಚೀಲಗಳವರೆಗೆ ಇಳಿಯುತ್ತದೆ. ದೇಹದ ಕಾವಲು ಕೋಶಗಳು ಅದನ್ನು ನುಂಗಲು ಹೋಗುತ್ತವೆ. ಉದ್ದನೆಯ ಎಳೆ ಅವುಗಳ ಹಿಡಿತಕ್ಕೆ ಸಿಗುವುದಿಲ್ಲ, ಕರಗುವುದೂ ಇಲ್ಲ. ಅಲ್ಲೇ ಉರಿಯೂತ, ಅಲ್ಲೇ ಗಾಯ, ಮತ್ತೆ ಮತ್ತೆ. ಕಲೆಗಟ್ಟಿದ ಶ್ವಾಸಕೋಶ ಗಡುಸಾಗಿ, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು ಬರುವ ರೋಗಕ್ಕೆ ಆಸ್ಬೆಸ್ಟೋಸಿಸ್ ಎಂದು ಹೆಸರು. ಶ್ವಾಸಕೋಶದ ಕ್ಯಾನ್ಸರ್ ಕೂಡ ಬರುತ್ತದೆ. ಬೀಡಿ ಸಿಗರೇಟು ಸೇದುವವರಿಗೆ ಆ ಅಪಾಯ ಹಲವು ಪಟ್ಟು ಹೆಚ್ಚು. ಇನ್ನೊಂದು, ಶ್ವಾಸಕೋಶದ ಹೊರಪೊರೆಗೆ ತಗಲುವ ಮೀಸೋಥೀಲಿಯೋಮಾ ಎಂಬ ಕ್ಯಾನ್ಸರ್. ಇದನ್ನು ಗುಣಪಡಿಸುವ ಮದ್ದು ಇನ್ನೂ ಸಿಕ್ಕಿಲ್ಲ.

ಈ ಕ್ಯಾನ್ಸರುಗಳು ತಲೆ ಎತ್ತುವುದು ಸಾಮಾನ್ಯವಾಗಿ 20ರಿಂದ 40 ವರ್ಷ ಕಳೆದ ಮೇಲೆ. ಇವತ್ತು ದೂಳು ಕುಡಿದವನಿಗೆ ಇವತ್ತು ಕೆಮ್ಮೂ ಬಾರದಿರಬಹುದು. ಹಾಗಾಗಿಯೇ ಇದನ್ನು ನಂಬಿಸುವುದು ಕಷ್ಟ.

ವಿಷಯ ಹೊಸದೇನಲ್ಲ. ಇಂಗ್ಲೆಂಡಿನ ರಾಚ್‌ಡೇಲ್‌ನಲ್ಲಿ ಕಲ್ನಾರು ನೂಲುತ್ತಿದ್ದ ನೆಲ್ಲಿ ಕರ್ಶಾ 1924ರಲ್ಲಿ, ಬರೀ 33ನೇ ವಯಸ್ಸಿನಲ್ಲಿ ತೀರಿಕೊಂಡಳು. ಅವಳ ಶ್ವಾಸಕೋಶವನ್ನು ಪರೀಕ್ಷಿಸಿದ ವೈದ್ಯ ವಿಲಿಯಂ ಕುಕ್ ಕಂಡದ್ದನ್ನು ವೈದ್ಯಕೀಯ ಪತ್ರಿಕೆಯಲ್ಲಿ ಬರೆದರು. 1931ರಲ್ಲಿ ಅಲ್ಲಿನ ಕಾರ್ಖಾನೆಗಳಿಗೆ ದೂಳು ತಡೆಯುವ ನಿಯಮಗಳು ಬಂದವು. ಕಲ್ನಾರಿನ ಬಗೆಗಳಲ್ಲೊಂದಾದ ಬಿಳಿ ಕಲ್ನಾರಿನ ಬಳಕೆಯನ್ನೂ ಬ್ರಿಟನ್ ನಿಲ್ಲಿಸಿದ್ದು 1999ರಲ್ಲಿ. ಅರಿವಿಗೂ ನಿಷೇಧಕ್ಕೂ ನಡುವೆ ಮುಕ್ಕಾಲು ಶತಮಾನ ಹೋಯಿತು. ಇಷ್ಟು ಜೀವಗಳಿಗೆ ಸಂಬಂಧಿಸಿದ ವಿಷಯದಲ್ಲಿ ಆ ತಡವನ್ನು ನಾನು ಕ್ಷಮಿಸಲಾರೆ. ನಮ್ಮ ದೇಶದಲ್ಲಿ ಬಿಳಿ ಕಲ್ನಾರನ್ನು ಹೊರದೇಶಗಳಿಂದ ತರಿಸಿ ಶೀಟು ಮಾಡುವುದು ಈಗಲೂ ನಡೆದಿದೆ. ಬಿಳಿಯದು ಅಪಾಯವಿಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಎಲ್ಲ ಬಗೆಯ ಕಲ್ನಾರೂ ಕ್ಯಾನ್ಸರ್‌ಕಾರಕ ಎಂದು ಹೇಳಿದೆ.

ಈಗ ಕೆಲಸಕ್ಕೆ ಬರೋಣ. ಮೊದಲು ಶೀಟನ್ನು ಗುರುತಿಸಬೇಕು. ಐಎಸ್ 459 ಎಂಬ ಮುದ್ರೆ ಇದ್ದರೆ ಅದು ಕಲ್ನಾರಿನ ಶೀಟೇ. ಮುದ್ರೆ ಅಳಿಸಿಹೋಗಿದ್ದರೆ ಕಣ್ಣಿನಲ್ಲಿ ನೋಡಿ ಹೇಳಲಾಗದು, ಕಲ್ನಾರು ಇದೆ ಎಂದುಕೊಂಡೇ ಮುಂದುವರಿಯಿರಿ. ಕಾರ್ಖಾನೆಗಳಲ್ಲಿ ಹಳೆಯ ಬಾಯ್ಲರ್ ಪೈಪಿನ ಹೊದಿಕೆ, ಗ್ಯಾಸ್ಕೆಟ್, ಹಳೆಯ ಬ್ರೇಕ್ ಲೈನರ್‌ಗಳಲ್ಲೂ ಇದ್ದೀತು. ಪೈಪಿನ ಹೊದಿಕೆಯಂತೂ ಶೀಟಿಗಿಂತ ಬಹಳ ಅಪಾಯ, ಬೆರಳಲ್ಲಿ ಹಿಸುಕಿದರೇ ಪುಡಿಯಾಗುತ್ತದೆ. ಹೊಸಬರು ಅದನ್ನು ಮುಟ್ಟಲೇಬಾರದು.

ಶೀಟಿನ ಮೇಲೆ ಕಾಲಿಡಬೇಡಿ. ಹಳೆಯ ಶೀಟು ಹೇಳದೆ ಕೇಳದೆ ಮುರಿಯುತ್ತದೆ. ದೂಳಿನಿಂದ ಮೂವತ್ತು ವರ್ಷದ ನಂತರ ಆಗುವ ಅನಾಹುತ ಬಿದ್ದರೆ ಅದೇ ಕ್ಷಣ ಆಗುತ್ತದೆ. ಏಣಿ, ಅಟ್ಟಣಿಗೆ ಹಾಕಿ, ಸಾಧ್ಯವಿದ್ದಷ್ಟೂ ಕೆಳಗಿನಿಂದಲೇ ಕೆಲಸ ಮಾಡಿ. ಮೇಲೆ ಹೋಗಲೇಬೇಕಾದರೆ ಭಾರ ಹೊರುವ ಹಲಗೆ ಮತ್ತು ಬೆಲ್ಟು ಎರಡೂ ಬೇಕು.

ಇಳಿಸುವ ಮುಂಚೆ ಕರೆಂಟು ತೆಗೆಸಿ ಶೀಟನ್ನು ನೆನೆಸಿ. ಪ್ರೆಶರ್ ಪಂಪು ಬೇಡ, ಅದರ ರಭಸಕ್ಕೇ ನಾರು ಕಿತ್ತುಬರುತ್ತದೆ. ಗಿಡಕ್ಕೆ ಔಷಧಿ ಹೊಡೆಯುವಂಥ ಸಣ್ಣ ಸ್ಪ್ರೇಯರಿನಲ್ಲಿ, ಪಾತ್ರೆ ತೊಳೆಯುವ ಸೋಪಿನ ನೀರು ಒಂದಿಷ್ಟು ಬೆರೆಸಿ ಹೊಡೆದರೆ ನೀರು ಚೆನ್ನಾಗಿ ಇಳಿಯುತ್ತದೆ. ತುಕ್ಕು ಹಿಡಿದ ಹುಕ್ಕನ್ನು ಕತ್ತರಿಸಿ. ಹುಕ್ಕು ಬರಲಿಲ್ಲವೆಂದು ಶೀಟಿಗೆ ಸುತ್ತಿಗೆ ಹಾಕಬೇಡಿ. ಇಡೀ ಶೀಟನ್ನು ಕೈಯಿಂದ ಕೈಗೆ ಇಳಿಸಿ, ಮೇಲಿಂದ ಎಸೆಯಬೇಡಿ. ತೂತು ಕೊರೆಯಲೇಬೇಕಾದರೆ ನೀರು ಹಾಕುತ್ತ ಕೈ ಡ್ರಿಲ್ಲಿನಲ್ಲಿ ನಿಧಾನವಾಗಿ ಕೊರೆಯಿರಿ.

ಮೂಗಿಗೆ ಟವೆಲು ಕಟ್ಟಿಕೊಂಡರೆ ಸಾಕೆಂದು ಬಹಳ ಜನ ತಿಳಿದಿದ್ದಾರೆ. ಸಾಲದು. ಆಸ್ಪತ್ರೆಯ ನೀಲಿ ಮಾಸ್ಕೂ ಸಾಲದು, ಎನ್95 ಕೂಡ ಈ ಕೆಲಸಕ್ಕೆ ತಕ್ಕದ್ದಲ್ಲ. ಪಿ100 ಫಿಲ್ಟರ್ ಇರುವ ರಬ್ಬರ್ ಮಾಸ್ಕು ಬೇಕು, ಅದು ಮುಖಕ್ಕೆ ಸಂದಿಲ್ಲದಂತೆ ಕೂರಬೇಕು. ಗಡ್ಡವಿದ್ದರೆ ಕೂರುವುದಿಲ್ಲ. ಇಷ್ಟಾದರೂ ಮಾಸ್ಕು ಕೊನೆಯ ರಕ್ಷಣೆ. ಪಕ್ಕದಲ್ಲಿ ನಿಂತು ಶೀಟು ಹೊರುವ ಹೆಂಗಸರಿಗೂ, ಅಲ್ಲೇ ಮಣ್ಣಲ್ಲಿ ಆಡುವ ಮಕ್ಕಳಿಗೂ ಅದು ಇರುವುದಿಲ್ಲವಲ್ಲ. ದೂಳೇ ಏಳದ ಹಾಗೆ ಕೆಲಸ ಮಾಡಿದರೆ ಮಾತ್ರ ಅವರೂ ಉಳಿದುಕೊಳ್ಳುತ್ತಾರೆ.

ಕೆಲಸ ಮುಗಿದ ಮೇಲೆ ಒಣ ಪೊರಕೆ ಹಿಡಿಯಬೇಡಿ, ಬ್ಲೋವರ್ ಬೇಡವೇ ಬೇಡ. ಒದ್ದೆ ಬಟ್ಟೆಯಲ್ಲಿ ಒರೆಸಿ, ಆ ಬಟ್ಟೆಯನ್ನೂ ಚೂರುಗಳನ್ನೂ ದಪ್ಪ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಕಟ್ಟಿ, ಒಳಗೆ ಏನಿದೆಯೆಂದು ಮೇಲೆ ಬರೆಯಿರಿ. ನಮ್ಮಲ್ಲಿ ಒಡೆದ ಶೀಟನ್ನು ರಸ್ತೆಯ ಗುಂಡಿಗೆ ಹಾಕುವ ಅಭ್ಯಾಸವಿದೆ. ಟ್ರ್ಯಾಕ್ಟರಿನ ಚಕ್ರ ಅದನ್ನು ದಿನವೂ ಅರೆದು ದೂಳು ಮಾಡುತ್ತದೆ. ಕಾರ್ಖಾನೆಯವರು ಇದನ್ನು ಮಾಲಿನ್ಯ ನಿಯಂತ್ರಣ ಮಂಡಳಿಯ ಒಪ್ಪಿಗೆ ಪಡೆದ ಅಪಾಯಕಾರಿ ತ್ಯಾಜ್ಯ ಘಟಕಕ್ಕೆ ಕೊಡಬೇಕು.

ಕೆಲಸದ ಬಟ್ಟೆ ಮನೆಗೆ ಹೋಗಬಾರದು. 1965ರಲ್ಲಿ ಪ್ರಕಟವಾದ ಲಂಡನ್ನಿನ ಒಂದು ಅಧ್ಯಯನದಲ್ಲಿ, ಕಾರ್ಖಾನೆಯೊಳಗೆ ಕಾಲಿಡದಿದ್ದರೂ ಗಂಡನ ಬಟ್ಟೆ ಒಗೆದ ಹೆಂಡತಿಯರಿಗೆ ಮೀಸೋಥೀಲಿಯೋಮಾ ಬಂದದ್ದು ದಾಖಲಾಗಿದೆ.

ಕೊನೆಯದಾಗಿ ದಾಖಲೆಯ ಮಾತು. 1995ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಕಾರ್ಮಿಕನ ಆರೋಗ್ಯ ಅವನ ಬದುಕುವ ಹಕ್ಕಿನ ಭಾಗವೇ ಎಂದು ಹೇಳಿ, ಕಲ್ನಾರು ಉದ್ಯಮದ ಪ್ರತಿಯೊಬ್ಬ ಕಾರ್ಮಿಕನ ಆರೋಗ್ಯದ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ, ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಇಡಬೇಕೆಂದು ಆದೇಶಿಸಿತು. ದಿನಗೂಲಿಯ ಮೇಲೆ ಶೀಟು ಹೊದಿಸುವವನಿಗೆ ಅಂಥ ದಾಖಲೆ ಇಡುವವರು ಯಾರೂ ಇಲ್ಲ. ಆದ್ದರಿಂದ ನೀವೇ ಒಂದು ನೋಟ್‌ಬುಕ್ಕಿನಲ್ಲಿ ಯಾವ ವರ್ಷ, ಯಾವ ಊರು, ಯಾರ ಕೆಳಗೆ, ಏನು ಕೆಲಸ ಎಂದು ಬರೆದಿಡಿ. ಮುಂದೆ ಎಂದಾದರೂ ಕೆಮ್ಮು, ಉಬ್ಬಸವೆಂದು ಆಸ್ಪತ್ರೆಗೆ ಹೋದಾಗ ಅದನ್ನು ವೈದ್ಯರಿಗೆ ತೋರಿಸಿ. ಕೇಳದಿದ್ದರೂ ಹೇಳಿ, ಇಲ್ಲದಿದ್ದರೆ ಬೀಡಿ ಕೆಮ್ಮೆಂದೋ ಟಿಬಿ ಎಂದೋ ಚಿಕಿತ್ಸೆ ನಡೆಯುತ್ತ ಹೋದೀತು. ಆಸ್ಬೆಸ್ಟೋಸಿಸ್ ಪರಿಹಾರಕ್ಕೆ ಅರ್ಹವಾದ ಔದ್ಯೋಗಿಕ ರೋಗ. ಆದರೆ ಪರಿಹಾರ ಕೇಳಲು ಹೋದಾಗ ಮೊದಲು ಕೇಳುವುದು ನೀವು ಎಲ್ಲಿ, ಎಷ್ಟು ವರ್ಷ ಕೆಲಸ ಮಾಡಿದ್ದಿರಿ ಎಂಬುದನ್ನೇ.